ಹಸು ಈಯುವ ಹೊತ್ತು: ಕೊಟ್ಟಿಗೆಯಲ್ಲಿ ನೋಡತಕ್ಕ ಗುರುತುಗಳು

ಮನೆಯ ಬೆಕ್ಕು ಮರಿಹಾಕುವ ದಿನ ಹತ್ತಿರ ಬಂದರೆ ಅಟ್ಟ ಹತ್ತಿ, ಹಳೆಯ ಮಂಕರಿಯನ್ನೋ ಹತ್ತಿಯ ಚೀಲವನ್ನೋ ಹುಡುಕಿಕೊಂಡು, ಎರಡು ದಿನ ಯಾರ ಕಣ್ಣಿಗೂ ಬೀಳದೆ, ಮೂರನೆಯ ದಿನ ಬಡಕಲಾಗಿ ಅಡಿಗೆಮನೆಗೆ ಇಳಿದು ಹಾಲು ಕೇಳುತ್ತದೆ. ಅದರ ಬಾಣಂತನಕ್ಕೆ ನಮ್ಮ ನೆರವು ಬೇಕಾಗುವುದು ಅಪರೂಪ. ಹಸುವಿನ ಮಾತು ಬೇರೆ. ಕರು ಸತ್ತರೆ ನಾಟಿ ಹಸು ಹಾಲು ಸೊರೆಯುವುದೇ ಕಷ್ಟ. ತಾಯಿಯೂ ಹೋಯಿತೆಂದರೆ ಸಣ್ಣ ಒಕ್ಕಲು ಮತ್ತೆ ಏಳಬೇಕಾದರೆ ಮೂರು ವರ್ಷ ಹಿಡಿಯುತ್ತದೆ. ಆದುದರಿಂದ ಈ ವಾರ ತುಂಬುಗಬ್ಬದ ಹಸುವನ್ನು ಕುರಿತು ನಾಲ್ಕು ಮಾತು ಬರೆಯುತ್ತೇವೆ.

ಕೊಯಮತ್ತೂರು ಜಿಲ್ಲೆಯ ಕಾರಮಡೈ, ಮೇಟ್ಟುಪಾಳ್ಯದ ಕಡೆಯಲ್ಲಿಯೂ, 2009ರಲ್ಲಿ ಬೇರೆ ಜಿಲ್ಲೆಯಾದ ತಿರುಪ್ಪೂರಿನ ಉಡುಮಲೈ, ಪಲ್ಲಡದ ಹಳ್ಳಿಗಳಲ್ಲಿಯೂ ಇರತಕ್ಕ ನಮ್ಮ ಓದುಗರ ಹಟ್ಟಿಗಳಲ್ಲಿ ಈಗ ಎರಡು ಬಗೆಯ ಹಸುಗಳಿವೆ. ಒಂದು, ಆ ಸೀಮೆಯದೇ ಆದ ಕಾಂಗೇಯಂ ತಳಿ. ಪಾಳೆಯಕೋಟೆಯ ಪಟ್ಟಗಾರರ ಮನೆತನದವರು ಆರಿಸಿ ಬೆಳೆಸಿ ಹೆಸರಿಗೆ ತಂದ ದನ ಅದು. ಉಳುಮೆಗೆ, ಗಾಡಿಗೆ, ಏತಕ್ಕೆ ಬಹಳ ಗಟ್ಟಿ, ಹಾಲು ಮಾತ್ರ ಕಡಮೆ. ಎರಡನೆಯದು ಜರ್ಸಿ ಅಥವಾ ಹೋಲ್‌ಸ್ಟೀನ್ ಬೆರೆತ ಹಾಲಿನ ಹಸು. ಈಯುವ ಕ್ರಮ ಎರಡಕ್ಕೂ ಒಂದೇ ಆದರೂ ಬರತಕ್ಕ ತೊಂದರೆಗಳು ಬೇರೆ ಬೇರೆ. ಕಾಂಗೇಯಂ ಹಸು ಕಿಳುವೈ ಬೇಲಿಯ ಕೊರಂಗಾಡಿನಲ್ಲಿ ಮೇಯುತ್ತ, ಸಂಜೆ ಮಿಕ್ಕ ದನಗಳ ಸಂಗಡ ಹಿಂದಿರುಗದೆ ಬಿಳಿಜಾಲಿಯ ನೆರಳಲ್ಲಿ ಒಂಟಿಯಾಗಿ ನಿಂತಿದ್ದರೆ ಹುಡುಕಿಕೊಂಡು ಹೋಗಿರಿ. ಒಂಟಿಯಾಗುವುದೇ ಅದು ಕೊಡುವ ಮೊದಲ ಸುದ್ದಿ.

ಎಲ್ಲಕ್ಕಿಂತ ಮೊದಲು ದಿನದ ಲೆಕ್ಕ. ಹೋರಿ ಹಾರಿಸಿದ ದಿನವನ್ನೋ, ಸೂಜಿ ಹಾಕಿಸಿದ ದಿನವನ್ನೋ ಕೊಟ್ಟಿಗೆಯ ಗೋಡೆಯ ಮೇಲೆ ಸುಣ್ಣದಿಂದ ಬರೆದಿಡತಕ್ಕದ್ದು. ಹಸು ಒಂಬತ್ತು ತಿಂಗಳು ಒಂಬತ್ತು ದಿನ ಹೊರುತ್ತದೆಂದು ಹಿರಿಯರು ಹೇಳುವುದು ಹೆಚ್ಚುಕಡಮೆ ಸರಿಯೇ. ಮಿಶ್ರತಳಿಗೆ ಸುಮಾರು 280 ದಿನ. ನಾಟಿ ಹಸು ಇನ್ನೂ ಐದಾರು ದಿನ ಮುಂದೆ ಹೋಗುವುದುಂಟು. ನೀವಿರುವ ಕಡೆ ತಮಿಳು ತಿಂಗಳ ಲೆಕ್ಕವೇ ವಾಡಿಕೆಯಾದ್ದರಿಂದ ಹೀಗೆ ಹೇಳಬಹುದು: ಚಿತ್ತಿರೈ 1ರಂದು, ಎಂದರೆ ಏಪ್ರಿಲ್ 14ಕ್ಕೆ, ಗಬ್ಬ ನಿಂತ ಹಸು ತೈ ತಿಂಗಳ ಎಂಟು ಹತ್ತರ ಸುಮಾರಿಗೆ, ಜನವರಿ 22ರ ಆಸುಪಾಸಿನಲ್ಲಿ ಈಯಬೇಕು. ಎಮ್ಮೆಯಾದರೆ ಇನ್ನೊಂದು ತಿಂಗಳು ಸೇರಿಸಿ ಎಣಿಸಿರಿ.

ಈಯುವುದಕ್ಕೆ ಎರಡು ಮೂರು ವಾರ ಮೊದಲೇ ಕೆಚ್ಚಲು ದೊಡ್ಡದಾಗತೊಡಗುತ್ತದೆ. ಮಣಕದಲ್ಲಿ ಇದು ಇನ್ನೂ ಮುಂಚೆಯೇ ಕಾಣಬಹುದು. ಆದುದರಿಂದ ಕೆಚ್ಚಲೊಂದನ್ನೇ ನಂಬಿ ದಿನ ಹೇಳಲಾಗದು. ಕಡೆಯ ಎರಡು ಮೂರು ದಿನಗಳಲ್ಲಿ ಮೊಲೆಗಳು ಬಿಗಿದು ಹೊಳೆಯುತ್ತವೆ, ಕೆಲವಕ್ಕೆ ತುದಿಯಲ್ಲಿ ಮೇಣದಂತಹ ಹನಿ ಕಟ್ಟಿಕೊಳ್ಳುತ್ತದೆ. ಈರು ಊದಿ ಮೆತ್ತಗಾಗಿ ಜೋಲುತ್ತದೆ. ಅಲ್ಲಿಂದ ಜೇನಿನಂತೆ ಅಂಟಾದ ತಿಳಿಲೋಳೆ ಎಳೆಯಾಗಿ ಇಳಿದು ಬಾಲಕ್ಕೆ ಮೆತ್ತಿಕೊಳ್ಳುತ್ತದೆ. ಲೋಳೆ ತಿಳಿಯಾಗಿರಬೇಕು. ಕೆಟ್ಟ ನಾತ ಬಂದರೂ ಕೀವಿನ ಬಣ್ಣ ಕಂಡರೂ ಅದು ಈಯುವ ಗುರುತಲ್ಲ, ಒಳಗೆ ಏನೋ ಕೆಟ್ಟಿದೆಯೆಂಬ ಗುರುತು.

ನಾವು ಹೆಚ್ಚು ನಂಬುವುದು ಬಾಲದ ಬುಡವನ್ನು. ಬಾಲದ ಎರಡು ಪಕ್ಕಗಳಲ್ಲಿ ಹಗ್ಗದಂತೆ ಬಿಗಿಯಾದ ಎರಡು ನರಗಳು ಕೈಗೆ ಸಿಗುತ್ತವೆ. ದಿನಾಲೂ ಸಂಜೆ ಹಾಲು ಕರೆಯುವ ಹೊತ್ತಿನಲ್ಲಿ ಅಲ್ಲಿ ಬೆರಳಿಟ್ಟು ಒತ್ತಿ ನೋಡುವ ಅಭ್ಯಾಸವಿಟ್ಟುಕೊಳ್ಳಿ. ಆ ಹಗ್ಗ ಸಡಿಲವಾಗುತ್ತ ಬಂದು, ಒಂದು ದಿನ ಕೈಗೇ ಸಿಗದಂತಾಗಿ, ಬಾಲದ ಇಕ್ಕೆಲದಲ್ಲೂ ಗುಳಿ ಬಿದ್ದು ಬಾಲದ ಬುಡ ಎದ್ದು ಕಾಣಿಸಿತೆಂದರೆ ಒಂದು ದಿನಕ್ಕಿಂತ ಹೆಚ್ಚು ತಡವಿಲ್ಲ. ಜ್ವರದ ಕಡ್ಡಿ ಇದ್ದವರು ಕಡೆಯ ವಾರ ದಿನಾಲೂ ಒಂದೇ ಹೊತ್ತಿಗೆ ಗುದದಲ್ಲಿಟ್ಟು ನೋಡಲಿ. ಮುನ್ನಾದಿನ ಇದ್ದುದಕ್ಕಿಂತ ಸುಮಾರು 1 ಡಿಗ್ರಿ ಫ್ಯಾರನ್‌ಹೀಟ್ ಕೆಳಗಿಳಿದಿದ್ದರೆ ಆ ರಾತ್ರಿ ಯಾರಾದರೂ ಎಚ್ಚರವಾಗಿರಬೇಕು.

ಈ ಬಾಲದ ಬುಡದ ಪಾಠವನ್ನು ನಾವು ಪುಸ್ತಕದಿಂದ ಕಲಿತದ್ದಲ್ಲ. ಕೆಲವು ವರ್ಷಗಳ ಹಿಂದೆ ನಮ್ಮದೇ ಕೊಟ್ಟಿಗೆಯಲ್ಲಿ ಚೊಚ್ಚಲ ಮಣಕವೊಂದಿತ್ತು. ದಿನ ಬರೆದಿಟ್ಟಿರಲಿಲ್ಲ. ಮೊಲೆಯ ತುದಿಯಲ್ಲಿ ಮೇಣ ಕಟ್ಟಿಲ್ಲ, ಇನ್ನೂ ವಾರವಿದೆ ಎಂದುಕೊಂಡಿದ್ದೆವು. ಸಂಜೆ ನೆರೆಮನೆಯ ಅಜ್ಜಿ ಮಜ್ಜಿಗೆಗೆಂದು ಬಂದವರು ಹಾದುಹೋಗುತ್ತ ಅದರ ಬಾಲದ ಹತ್ತಿರ ಕೈಯಾಡಿಸಿ, ‘ಇವತ್ತಿನ ರಾತ್ರಿ ದಾಟೋದಿಲ್ಲಪ್ಪ, ಲಾಂದ್ರ ಹಚ್ಚಿಡಿ’ ಎಂದರು. ಆಗಲಿ ಅಜ್ಜಿ ಎಂದು ಹೇಳಿ ನಾವು ಮಲಗಿದೆವು. ಬೆಳಗಿನ ಜಾವ ಹೋಗಿ ನೋಡಿದರೆ ಕರು ಕೆಳಗೆ ಬಿದ್ದಿತ್ತು, ಮೂಗಿನ ಮೇಲೆ ಪೊರೆ ಹಾಗೆಯೇ ಅಂಟಿಕೊಂಡಿತ್ತು. ಹೆಣ್ಣುಗರು. ಮಣಕ ಇನ್ನೂ ಅದನ್ನು ನೆಕ್ಕುತ್ತ ನಿಂತಿತ್ತು. ಆ ಪೊರೆಯನ್ನು ಬೆರಳಿನಿಂದ ಹರಿದು ತೆಗೆಯುವುದು ಒಂದು ನಿಮಿಷದ ಕೆಲಸ. ಅಜ್ಜಿ ಮರುದಿನ ಬಂದರು, ಏನೂ ಅನ್ನಲಿಲ್ಲ.

ಇನ್ನು ನೋವು ಹಿಡಿದ ಮೇಲಿನ ವಿಚಾರ. ಮೊದಲು ಹಸು ಮೇವು ಬಿಡುತ್ತದೆ, ಎದ್ದು ಮಲಗಿ ಮಾಡುತ್ತದೆ, ತಿರುತಿರುಗಿ ತನ್ನ ಪಕ್ಕೆಯನ್ನು ನೋಡಿಕೊಳ್ಳುತ್ತದೆ, ಬಾಲ ಎತ್ತಿ ಸ್ವಲ್ಪ ಸ್ವಲ್ಪವೇ ಗಂಜಲ ಹುಯ್ಯುತ್ತದೆ. ಇದು ಎರಡರಿಂದ ಆರು ಗಂಟೆ ಇರಬಹುದು, ಮಣಕಕ್ಕೆ ಇನ್ನೂ ಹೆಚ್ಚು. ಈ ಹೊತ್ತಿನಲ್ಲಿ ಸುತ್ತಲೂ ಜನ ಸೇರಿ ಗದ್ದಲ ಮಾಡಬಾರದು. ಗಾಬರಿಯಾದ ಹಸು ನೋವನ್ನು ತಡೆದುಕೊಂಡುಬಿಡುತ್ತದೆ. ಒಣಹುಲ್ಲು ಹಾಸಿ, ಕುತ್ತಿಗೆಯ ಹಗ್ಗ ಸಡಿಲಿಸಿ, ದೂರದಿಂದ ನೋಡುತ್ತಿರಿ. ಆದರೆ ಎಂಟು ಹತ್ತು ಗಂಟೆಯಾದರೂ ಒದ್ದಾಟವೇ ಹೊರತು ನೀರುಚೀಲವೂ ಕಾಣದೆ ತಿಣುಕೂ ಬಾರದೆ ಇದ್ದರೆ ಗರ್ಭಚೀಲ ತಿರುಚಿಕೊಂಡಿರಬಹುದು. ಎಮ್ಮೆಗಳಲ್ಲಿ ಇದು ಹೆಚ್ಚು. ಇದಕ್ಕೆ ಮನೆಮದ್ದಿಲ್ಲ, ಕೂಡಲೆ ವೈದ್ಯರೇ ಬೇಕು.

ನೀರುಚೀಲ ಹೊರಬಿದ್ದು ತಿಣುಕು ಹತ್ತಿತೆಂದರೆ ಗಡಿಯಾರ ನೋಡಿಕೊಳ್ಳಿ. ಚೀಲವನ್ನು ಚುಚ್ಚಿ ಒಡೆಯತಕ್ಕದ್ದಲ್ಲ. ದಾರಿ ಸಡಿಲವಾಗುವುದಕ್ಕೆ ಅದೇ ನೆರವು. ಆ ಮೇಲೆ ಎರಡು ಮುಂಗಾಲ ಗೊರಸು, ಅವುಗಳ ಮೇಲೆ ಮೂತಿ, ಈ ಕ್ರಮದಲ್ಲಿ ಬಂದರೆ ಸರಿ. ಗೊರಸಿನ ಅಡಿ ನೆಲದ ಕಡೆಗಿರಬೇಕು. ಅಡಿ ಮೇಲ್ಮೊಗವಾಗಿದ್ದರೆ ಬಹುಮಟ್ಟಿಗೆ ಹಿಂಗಾಲು ಬರುತ್ತಿದೆಯೆಂದು ತಿಳಿಯಿರಿ. ಸಂಶಯವಾದರೆ ಸೋಪಿನಲ್ಲಿ ತೊಳೆದ ಕೈಯಿಂದ ಗೊರಸಿನ ಮೇಲಿನ ಎರಡು ಗಿಣ್ಣುಗಳನ್ನು ಮುಟ್ಟಿ ನೋಡಬಹುದು: ಎರಡೂ ಒಂದೇ ಕಡೆಗೆ ಮಡಚಿದರೆ ಮುಂಗಾಲು, ಒಂದಕ್ಕೊಂದು ಎದುರಾಗಿ ಮಡಚಿದರೆ ಹಿಂಗಾಲು. ಒಂದೇ ಕಾಲು ಬಂದು ಇನ್ನೊಂದು ಕಾಣದಿದ್ದರೂ, ತಲೆ ಬಂದು ಕಾಲು ಬಾರದಿದ್ದರೂ, ಬಾಲ ಮಾತ್ರ ಕಂಡರೂ ಎಳೆಯುವುದಕ್ಕೆ ಹೋಗಬೇಡಿ. ನಾಲ್ಕು ಜನ ಹಗ್ಗ ಹಾಕಿ ಎಳೆದು ಗರ್ಭಚೀಲ ಹರಿದ ಹಸುಗಳನ್ನು ನಾವು ಕಂಡಿದ್ದೇವೆ. ಎಲ್ಲವೂ ನೆಟ್ಟಗಿದ್ದೂ ಹಸುವಿಗೆ ಒಂದು ಗಂಟೆ, ಮಣಕಕ್ಕೆ ಒಂದೂವರೆ ಗಂಟೆ ತಿಣುಕಿಯೂ ಕೆಲಸ ಮುಂದೆ ಸಾಗದಿದ್ದರೆ ಇನ್ನು ಕಾಯತಕ್ಕದ್ದಲ್ಲ.

ಪಶುವೈದ್ಯರ ಸಂಚಾರಿ ಗಾಡಿಗೆ 1962 ಎಂಬ ನಂಬರಿಗೆ ಫೋನು ಮಾಡಬಹುದು. ಉಡುಮಲೈ ಕಡೆಯವರಿಗೆ 2020ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜೂ ಇದೆ. ಇಲ್ಲಿ ಒಂದು ಮಾತು. ಗಾಬರಿಯಲ್ಲಿ ಮನೆಮಾತೇ ಬಾಯಿಗೆ ಬರುವುದು ಸಹಜ. ಆದರೆ ನಮ್ಮ ‘ಮಾಸು’, ‘ನೀರುಚೀಲ’ ಆ ಕಡೆಯ ವೈದ್ಯರಿಗೆ ತಿಳಿಯದೆ ಹೋಗಬಹುದು. ನೀರುಚೀಲಕ್ಕೆ ‘ಪನ್ನೀರ್ ಕುಡಂ’, ಮಾಸಿಗೆ ‘ನಂಜುಕೊಡಿ’, ಗಿಣ್ಣಿನ ಹಾಲಿಗೆ ‘ಸೀಂಪಾಲ್’ ಎನ್ನುತ್ತಾರೆ. ಚೀಲ ಒಡೆದು ಎಷ್ಟು ಹೊತ್ತಾಯಿತು, ಏನು ಕಾಣುತ್ತಿದೆ, ಚೊಚ್ಚಲೋ ಅಲ್ಲವೋ, ಈ ಮೂರನ್ನು ಮೊದಲು ಹೇಳಿದರೆ ಅವರು ತಕ್ಕ ಸಾಮಾನು ತೆಗೆದುಕೊಂಡು ಬರುತ್ತಾರೆ. ಸಣ್ಣ ಮೈಯ ನಾಟಿ ಮಣಕಕ್ಕೆ ದೊಡ್ಡ ಸೀಮೆತಳಿಯ ಸೂಜಿ ಹಾಕಿಸಿದ್ದರೆ ಅದನ್ನೂ ಮುಚ್ಚದೆ ಹೇಳಿ. ಕರು ದಪ್ಪವಾಗಿ ಸಿಕ್ಕಿಕೊಳ್ಳುವುದು ಅಂತಹ ಕಡೆಯೇ ಹೆಚ್ಚು. ಹಾಲಿನ ಆಸೆಗೆ ಕಾಂಗೇಯಂ ಮಣಕಕ್ಕೆ ಚೊಚ್ಚಲಲ್ಲೇ ಹೋಲ್‌ಸ್ಟೀನ್ ಹಾಕಿಸುವುದು ನಮಗೆ ಒಪ್ಪಿಗೆಯಿಲ್ಲ.

ಕರು ನೆಲಕ್ಕೆ ಬಿದ್ದೊಡನೆ ಮೂಗು ಬಾಯಿಯ ಪೊರೆ, ಲೋಳೆ ತೆಗೆದು, ತಾಯಿಯ ಮುಂದಿಡಿ, ನೆಕ್ಕಲಿ. ಹೊಕ್ಕುಳಬಳ್ಳಿಯ ತುದಿಯನ್ನು ಟಿಂಚರ್ ಅಯೊಡಿನ್‌ನಲ್ಲಿ ಅದ್ದಿರಿ. ಸಗಣಿ, ಬೂದಿ ಬೇಡ.

ಮಾಸು ಬೀಳುವ ತನಕ ಕರುವಿಗೆ ಹಾಲು ಬಿಡಬಾರದೆಂಬ ನಂಬಿಕೆ ಗಡಿಯ ಎರಡು ಕಡೆಯೂ ಇದೆ. ಇದರಿಂದ ಸತ್ತ ಕರುಗಳಿಗೆ ಲೆಕ್ಕ ಇಟ್ಟವರಿಲ್ಲ. ಹುಟ್ಟಿದ ಕರುವಿನ ಮೈಯಲ್ಲಿ ರೋಗ ತಡೆಯುವ ಶಕ್ತಿ ಇರುವುದಿಲ್ಲ. ಅದು ಗಿಣ್ಣಿನ ಹಾಲಿನಿಂದಲೇ ಬರಬೇಕು, ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚಿಹೋಗುತ್ತದೆ. ಮೈತೂಕದ ಹತ್ತನೆಯ ಒಂದು ಪಾಲು, ಎಂದರೆ 20 ಕಿಲೊ ಕರುವಿಗೆ 2 ಲೀಟರು, ಮೊದಲ ದಿನ ಹೋಗಬೇಕು. ಅದರಲ್ಲಿ ಅರ್ಧ ಎರಡು ಗಂಟೆಯೊಳಗೇ ಹೋದರೆ ಉತ್ತಮ. ಕರು ಮೊಲೆಗೆ ಬಾಯಿ ಹಾಕಿದರೆ ಮಾಸು ಬೀಳುವುದಕ್ಕೂ ಅದೇ ಸಹಾಯ. ನೆರೆಹೊರೆಗೆ ಗಿಣ್ಣು ಹಂಚುವುದನ್ನು ಬೇಡವೆನ್ನುವುದಿಲ್ಲ, ಕರು ಕುಡಿದು ಮಿಕ್ಕದ್ದರಲ್ಲಿ ಹಂಚಿ.

ಮಾಸು ಸಾಮಾನ್ಯವಾಗಿ ಎಂಟು ಗಂಟೆಯೊಳಗೆ ಬೀಳುತ್ತದೆ. ಹನ್ನೆರಡು ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ. ಕಲ್ಲನ್ನೋ ಹಳೆಯ ಚಪ್ಪಲಿಯನ್ನೋ ಅದಕ್ಕೆ ಕಟ್ಟಿ ತೂಗಬಿಡಬೇಡಿ. ಬಿದ್ದ ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿದರೆ ಆಲದ ಹಾಲಿನಂತೆ ಹಸುವಿನ ಹಾಲೂ ಹೆಚ್ಚುವುದೆಂದು ಅಲ್ಲಿಯ ರೂಢಿ. ನಾಯಿಗೆ ಸಿಗದಂತೆ ಕಟ್ಟಿದರೆ ಅಡ್ಡಿಯೇನು ಎನ್ನಬಹುದು. ಆದರೆ ಹದ್ದು ಕಾಗೆ ಬಿಡವು. ಕಂದು ಹಾಕಿದ ಹಸುವಿನ ಮಾಸನ್ನಂತೂ ಬರಿಗೈಯಿಂದ ಮುಟ್ಟದೆ, ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳತಕ್ಕದ್ದು, ಅದರಿಂದ ಮನುಷ್ಯರಿಗೂ ರೋಗ ಹತ್ತುತ್ತದೆ.

ಹೆಚ್ಚು ಹಾಲಿನ ಮಿಶ್ರತಳಿ ಹಸು ಈದು ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ಹೊರಳಿಸಿ, ಏಳಲಾರದೆ ಮಲಗಿದರೆ ಬಾಣಂತಿ ಆಯಾಸವೆಂದು ಸುಮ್ಮನಿರಬೇಡಿ. ಅದು ಸುಣ್ಣದ ಸತ್ವ ರಕ್ತದಲ್ಲಿ ಕುಗ್ಗಿದ್ದರಿಂದ ಬರುವ ಹಾಲುಜ್ವರ. ಹೆಸರು ಜ್ವರವಾದರೂ ಮೈ ಬಿಸಿಯಿರುವುದಿಲ್ಲ. ಬಾಯಿಗೆ ಏನನ್ನೂ ಹುಯ್ಯದೆ ವೈದ್ಯರನ್ನು ಕರೆದರೆ, ನರಕ್ಕೆ ಕ್ಯಾಲ್ಸಿಯಂ ಹೋದ ಸ್ವಲ್ಪ ಹೊತ್ತಿನಲ್ಲೇ ಎದ್ದು ನಿಲ್ಲುವುದುಂಟು.

ಕಾಂಗೇಯಂ ಹಸು ಮೊದಲ ಸಲ ಸಾಕಿದವರು, ತಾಯಿ ಬೂದುಬಣ್ಣ, ಕರು ಕೆಂಪು, ಸೂಜಿ ಬದಲಾಯಿತೇ ಎಂದು ಕೇಳುವುದಿದೆ. ಹಾಗೇನೂ ಇಲ್ಲ. ಆ ತಳಿಯ ಕರು ಹುಟ್ಟುವಾಗ ಕೆಂಪೇ. ಆರು ತಿಂಗಳ ಹೊತ್ತಿಗೆ ಬೂದುಬಣ್ಣಕ್ಕೆ ತಿರುಗುತ್ತದೆ. ನಮ್ಮ ಆ ಮಣಕ ಮರುವರ್ಷ ಈದಾಗ ನಾವು ಎಚ್ಚರವಾಗಿದ್ದೆವು, ಅಜ್ಜಿಯೂ ಲಾಂದ್ರ ಹಿಡಿದು ಬಂದಿದ್ದರು. ಅದರ ಕರು ಈಗ ಗಬ್ಬವಾಗಿದೆ, ದಿನವನ್ನು ಗೋಡೆಯ ಮೇಲೆ ಬರೆದಿದ್ದೇವೆ.