ಬೇವಿನ ಮರದಡಿಯ ಫಿಯೆಟ್

ಬಸವಕಲ್ಯಾಣದ ಆಟೋ ನಗರದಲ್ಲಿ ಒಬ್ಬ ಹುಡುಗ "ಉಸ್ತಾದ್, ಚಾಯ್!" ಎಂದು ಕೂಗಿದ. ನಾವು ತಿರುಗಿ ನೋಡಿದೆವು. ಅದೇ ಹೊತ್ತಿಗೆ ಲಾರಿಯ ಅಡಿಯಿಂದ ಗ್ರೀಸ್ ಮೆತ್ತಿದ ಮುಖವೊಂದು ಹೊರಗೆ ಬಂತು. ನಮ್ಮ ಕರಾವಳಿಯಲ್ಲಿ ಉಸ್ತಾದ್ ಅಂದ್ರೆ ಮದ್ರಸದಲ್ಲಿ ಕಲಿಸುವವರು. ಅಲ್ಲಿ ಉಸ್ತಾದ್ ಅಂದ್ರೆ ಗ್ಯಾರೇಜಿನ ದೊಡ್ಡ ಮೇಸ್ತ್ರಿ. ಚಹಾ ಅವರದ್ದಾಗಿತ್ತು. ನಗು ಬಂದು, ಅರ್ಧ ನಮಗೂ ಕೊಟ್ಟರು.

ಮಂಗಳೂರು ಕಡೆಯ ನಾವು ಬೀದರ್ ಜಿಲ್ಲೆಯ ಗ್ಯಾರೇಜಿಗೆ ಹೋಗಿ ಕೂತದ್ದು ಯಾಕೆ ಅಂತ ಕೇಳಿದ್ರೆ, ತಂಗಿಯ ಮಗನಿಂದಾಗಿ. ಒಂಬತ್ತು ವರ್ಷ ಗಲ್ಫಿನಲ್ಲಿ ಕಾರಿನ ವರ್ಕ್‌ಶಾಪಿನಲ್ಲಿ ದುಡಿದು ಬಂದವ. ಅಲ್ಲಿ ಯಾರದ್ದೋ ಶೆಡ್ಡಿನಲ್ಲಿ ಒಂದು ಫಿಯೆಟ್ 124 ಸ್ಪೋರ್ಟ್ ಕೂಪೆ ಕಂಡಿದ್ದನಂತೆ. ಎರಡೇ ಬಾಗಿಲು, ಹಿಂದಕ್ಕೆ ಇಳಿಜಾರಾದ ಮಾಡು. ಅದರ ಫೋಟೋ ಮೊಬೈಲಿನಲ್ಲಿ ಇಟ್ಟುಕೊಂಡು, ಊರಿಗೆ ಬಂದ ಮೇಲೆ ನಮಗೂ ಎರಡು ಮೂರು ಸಲ ತೋರಿಸಿದ. "ಮಾಮ, ಇಂಥದ್ದೊಂದು ಮುರುಕಲು ತೆಗೊಂಡು ನಾನೇ ಕೂತು ಸರಿ ಮಾಡ್ಬೇಕು" ಎಂದ. ಅವನ ಉಮ್ಮ, ಅಂದರೆ ನಮ್ಮ ತಂಗಿ, ಪಕ್ಕದಲ್ಲೇ ಇದ್ದಳು. "ಮನೆಯ ಮಾಡು ಸೋರ್ತಾ ಉಂಟು, ಅದನ್ನು ಯಾರು ಸರಿ ಮಾಡುದು?" ಎಂದು ಕೇಳಿ ಒಳಗೆ ಹೋದಳು.

ಅವನ ಹತ್ತಿರ ಇದ್ದದ್ದು ಮೂರು ಲಕ್ಷ. ಮಾಡಿಗೂ ಅದೇ, ಕಾರಿಗೂ ಅದೇ.

ಆ ಕೂಪೆಯ ವಿಷಯ ಸ್ವಲ್ಪ ಹೇಳಿಬಿಡುತ್ತೇವೆ, ಯಾಕೆಂದರೆ ಅದಕ್ಕೂ ನಮ್ಮ ದೇಶಕ್ಕೂ ಸಂಬಂಧ ಉಂಟು. ಇಟಲಿಯ ಟುರಿನ್ ನಗರದ ಫಿಯೆಟ್ ಕಂಪೆನಿ 124 ಎಂಬ ನಾಲ್ಕು ಬಾಗಿಲಿನ ಕಾರು ಮಾಡಿತು. ಅದಕ್ಕೆ 1967ರಲ್ಲಿ ಯುರೋಪಿನ ವರ್ಷದ ಕಾರು ಎಂಬ ಪ್ರಶಸ್ತಿ ಸಿಕ್ಕಿತು. ಅದೇ ವರ್ಷ ಅದರ ಕೂಪೆಯೂ ಬಂತು. ಹಿಂದೆ ಫೆರಾರಿಯಲ್ಲಿದ್ದ ಔರೇಲಿಯೋ ಲಾಂಪ್ರೆಡಿ ಎಂಬವರು ಅದರ ಇಂಜಿನ್ ರೂಪಿಸಿದ್ದು. ನಾಲ್ಕು ಬಾಗಿಲಿನ 124ರ ಬಾಡಿಯೇ ಮುಂದೆ 1985ರಲ್ಲಿ ನಿಸಾನ್ ಇಂಜಿನ್ ಹಾಕಿಸಿಕೊಂಡು ನಮ್ಮಲ್ಲಿ ಪ್ರೀಮಿಯರ್ 118ಎನ್‌ಇ ಎಂಬ ಹೆಸರಿನಲ್ಲಿ ಬಂತು. ಕೂಪೆ ಮಾತ್ರ ಬರಲಿಲ್ಲ. ಹೊರದೇಶದಿಂದ ತರುವಾ ಅಂದ್ರೆ, ಸೆಕೆಂಡ್‌ಹ್ಯಾಂಡ್ ಕಾರಿನ ಆಮದಿಗೆ ಇರುವ ನಿಯಮಗಳ ತೊಡಕು ಉಂಟು. ಸುಂಕದ ಮಾತು ಬೇರೆಯೇ. ಹುಡುಗ ತಿಂಗಳುಗಟ್ಟಲೆ ವಿಚಾರಿಸಿ ಕೊನೆಗೆ ಕೈಬಿಟ್ಟ. "ಹಾಗಾದ್ರೆ ಇಲ್ಲಿಯದ್ದೇ ಇಟಲಿ ಕಾರು ತೆಗೊಳ್ತೇನೆ" ಎಂದ.

ಇಲ್ಲಿಯ ಇಟಲಿ ಕಾರು ಅಂದ್ರೆ ನಿಮಗೆಲ್ಲ ಗೊತ್ತಿದ್ದದ್ದೇ. ಫಿಯೆಟ್. ಆಮೇಲೆ ಪ್ರೀಮಿಯರ್ ಪದ್ಮಿನಿ. ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಮುಂಬೈಯಲ್ಲಿ ಶುರು ಮಾಡಿದ ಪ್ರೀಮಿಯರ್ ಆಟೋಮೊಬೈಲ್ಸ್, ಫಿಯೆಟ್‌ನ ಪರವಾನಗಿಯಲ್ಲಿ ಕುರ್ಲಾದ ಕಾರ್ಖಾನೆಯಲ್ಲಿ ಇದನ್ನು ಮಾಡುತ್ತಿತ್ತು. 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿಸಿ ಇಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರು, ಮುಂದೆ ಉದ್ದಕ್ಕೆ ಒಂದೇ ಸೀಟು. ನಾವು ಸಣ್ಣವರಿರುವಾಗ ಮದುಮಗ ಬರುವ ಕಾರು ಒಂದೋ ಅಂಬಾಸಿಡರ್, ಇಲ್ಲದಿದ್ದರೆ ಫಿಯೆಟ್. ಒಂದು ಫಿಯೆಟಿನಲ್ಲಿ ಎಂಟು ಜನ ಕೂತು ನಿಖಾಹ್‌ಗೆ ಹೋದದ್ದು ನಮಗೇ ನೆನಪುಂಟು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿಗೆ 2023ರ ಅಕ್ಟೋಬರ್ 29ಕ್ಕೆ 20 ವರ್ಷ ತುಂಬಿತು. ಮರುದಿನದಿಂದ ಅದು ಬಾಡಿಗೆಗೆ ಇಳಿಯಲಿಲ್ಲ.

ಹಳೆ ಫಿಯೆಟ್ ನಮ್ಮ ಊರಿನಲ್ಲೂ ಸಿಗುತ್ತದೆ. ಆದರೆ ಹುಡುಗ ಬೇಡವೆಂದ. ಅವನು ಹೇಳಿದ ಕಾರಣ ಸರಿಯಾಗಿಯೇ ಇತ್ತು. ಈ ಕಾರಿಗೆ ಲಾರಿಯ ಹಾಗೆ ಬೇರೆ ಚಾಸಿ ಇಲ್ಲ, ತಗಡಿನ ಬಾಡಿಯೇ ಎಲ್ಲ ಭಾರ ಹೊರುವುದು. ಬಾಗಿಲಿನ ಕೆಳಗಿನ ಪಟ್ಟಿ, ನೆಲ ಇವೆರಡು ತುಕ್ಕು ಹಿಡಿದರೆ ಕಾರು ನಡುವಿನಲ್ಲೇ ಕುಸಿಯುತ್ತದೆ, ಬಾಗಿಲು ಹಾಕಲು ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಮಳೆ, ಜೊತೆಗೆ ಸಮುದ್ರದ ಉಪ್ಪುಗಾಳಿ. ಬೀದರ್ ಕಡೆ ಅದರ ಕಾಲು ಭಾಗ ಮಳೆ, ಉಪ್ಪಿಲ್ಲ. ಇಂಜಿನ್ ಹಾಳಾದ್ರೆ ಕಟ್ಟಬಹುದು, ತಗಡು ಹೋದ್ರೆ ಹೋಯಿತು.

ಪೆರ್ನಾಲ್ ಕಳೆದು ಮದ್ರಸ ತೆರೆಯಲು ಹತ್ತು ದಿನ ಇತ್ತು. ರಾತ್ರಿ ಬಸ್ಸಿನಲ್ಲಿ ಹೊರಟು ಕಲಬುರಗಿಗೆ, ಅಲ್ಲಿಂದ 2017ರಲ್ಲಿ ಶುರುವಾದ ಬೀದರ್ ಮಾರ್ಗದ ರೈಲಿನಲ್ಲಿ ಹುಮನಾಬಾದಿಗೆ. ಬಿಸಿಲು ಹೇಗಿತ್ತೆಂದರೆ ಸ್ಟೇಷನಿನಲ್ಲಿ ಇಳಿದವರು ಯಾರೂ ಮಾತಾಡುತ್ತಿರಲಿಲ್ಲ.

ಕಾರು ಒಂದು ಮನೆಯ ಹಿಂದೆ ಬೇವಿನ ಮರದಡಿ ನಿಂತಿತ್ತು. 1979ರದ್ದು. ಟೈರಿನಲ್ಲಿ ಗಾಳಿ ಇಲ್ಲ, ಮುಂದಿನ ಸೀಟಿನ ಮೇಲೆ ಕೋಳಿ. ಮನೆಯ ಹಿರಿಮಗ, ಐವತ್ತರ ಆಸುಪಾಸಿನವರು, ಬಂದು ಸಲಾಂ ಹೇಳಿದರು. ನಾವು ಉರ್ದುವಿನಲ್ಲಿ ಎರಡು ವಾಕ್ಯ ಮಾತಾಡಿದೆವು. ಅದನ್ನು ಕೇಳಿ ಅವರೇ ಕನ್ನಡಕ್ಕೆ ಬಂದರು. "ಗಾಡಿ ಏಕದಂ ಛಲೋ ಅದರಿ. ಅಬ್ಬಾ ಇದ್ದಾಗ ದಿನಾ ಓಡಿಸ್ತಿದ್ರು."

ಹುಡುಗ ಮಾತಿಗೆ ನಿಲ್ಲಲಿಲ್ಲ. ಹಳೆ ಸ್ಪೀಕರಿನಿಂದ ತೆಗೆದ ಮ್ಯಾಗ್ನೆಟನ್ನು ಕರ್ಚೀಫಿನಲ್ಲಿ ಸುತ್ತಿ, ಬಾಡಿಯ ಮೇಲೆ ಮೆಲ್ಲ ಎಳೆಯುತ್ತಾ ಹೋದ. ತಗಡು ಇರುವಲ್ಲಿ ಅಂಟುತ್ತದೆ. ತುಕ್ಕು ತಿಂದ ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಲ್ಲಿ ಅಂಟುವುದಿಲ್ಲ, ಕೆಳಗೆ ಜಾರುತ್ತದೆ. ಮಾಡು, ಬಾನೆಟ್, ಡಿಕ್ಕಿ ಎಲ್ಲ ಅಂಟಿತು. ಎಡಗಡೆ ಬಾಗಿಲಿನ ಕೆಳಗೆ ಒಂದು ಮೊಳದಷ್ಟು ಜಾಗದಲ್ಲಿ ಜಾರಿತು. ಕಾಲಡಿಯ ಮ್ಯಾಟ್ ಎತ್ತಿ ಸ್ಕ್ರೂಡ್ರೈವರಿನಲ್ಲಿ ಕುಟ್ಟಿದ, ಒಂದು ಕಡೆ ತೂತಾಗಿ ಕೆಳಗಿನ ಮಣ್ಣು ಕಂಡಿತು. ಹಿರಿಮಗನ ಮುಖ ಸಣ್ಣದಾಯಿತು. "ಇದು ನನಗ ಗೊತ್ತೇ ಇಲ್ರಿ" ಎಂದರು. ಹೌದೆಂದೇ ನಮಗನಿಸಿತು. ವ್ಯಾಪಾರದಲ್ಲಿ ಮಾಲಿನ ಐಬು ಮುಚ್ಚಿಡಬಾರದು, ಮುಚ್ಚಿಟ್ಟದ್ದು ಆಮೇಲೆ ಕಂಡರೆ ಕೊಂಡವನಿಗೆ ವಾಪಸ್ ಮಾಡುವ ಹಕ್ಕುಂಟು ಎಂದು ನಾವು ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುತ್ತೇವೆ. ಐಬನ್ನು ಮ್ಯಾಗ್ನೆಟ್ ಹಿಡಿದು ಹುಡುಕುವುದನ್ನು ನೋಡಿದ್ದು ಅದೇ ಮೊದಲು.

55 ಸಾವಿರ ಹೇಳಿದ್ದವರು 48ಕ್ಕೆ ಇಳಿದರು. ನಾವು ನೀರು ಕುಡಿಯಲು ಒಳಗೆ ಹೋಗಿ ಬರುವಷ್ಟರಲ್ಲಿ ಹುಡುಗ ಐದು ಸಾವಿರ ಮುಂಗಡ ಕೊಟ್ಟೇಬಿಟ್ಟಿದ್ದ. ಆಮೇಲೆ ಆರ್‌ಸಿ ಪುಸ್ತಕ ಬಂತು. ನೋಡಿದರೆ ತೀರಿಹೋದ ತಂದೆಯ ಹೆಸರಿನಲ್ಲೇ ಉಂಟು.

"ಅಮ್ಮಾ ಇದ್ದಾರಾ?" ಎಂದು ಕೇಳಿದೆವು. ಇದ್ದಾರೆ. ಅಕ್ಕ ತಂಗಿಯರು? ಇಬ್ಬರು, ಒಬ್ಬರು ಇದೇ ಊರಲ್ಲಿ, ಇನ್ನೊಬ್ಬರು ಬಸವಕಲ್ಯಾಣದಲ್ಲಿ. ಕಾರು ಮಾರುವ ವಿಷಯ ಅವರಿಗೆ ಗೊತ್ತುಂಟಾ? ಹಿರಿಮಗ ಸುಮ್ಮನಾದರು. "ಹಳೇ ಗುಜರಿ ಗಾಡಿರಿ, ಅದರಾಗ ಏನು ಹೇಳೋದು?"

ನಮ್ಮ ಹುಡುಗ ಕೈ ಹಿಡಿದು ಬದಿಗೆ ಕರೆದುಕೊಂಡು ಹೋದ. "ಮಾಮ, ಇದೆಂತ ನಿಮ್ದು? ಏಳ್ನೂರು ಕಿಲೋಮೀಟರ್ ಬಂದಿದ್ದೇವೆ. ಅವರ ಮನೆ ವಿಷಯ ಅವರು ನೋಡ್ಕೊಳ್ತಾರೆ." ನಮಗೂ ಒಂದು ಕ್ಷಣ ಹಾಗೇ ಅನಿಸಿತು, ಸುಳ್ಳು ಹೇಳುವುದಿಲ್ಲ. ಆದರೆ ವಾರೀಸು ಲೆಕ್ಕ ವರ್ಷಾನುಗಟ್ಟಲೆ ಬೋರ್ಡಿನಲ್ಲಿ ಬರೆದವರು ನಾವು. ಇನ್ನೊಬ್ಬರ ಪಾಲು ಸೇರಿದ ವಸ್ತುವನ್ನು ಗೊತ್ತಿದ್ದೂ ಕೊಳ್ಳುವುದು ಹೇಗೆ? ಸರಕಾರದ ಕಾಗದವೂ ಹಾಗೆಯೇ ನಿಲ್ಲುತ್ತದೆ. ಆರ್‌ಸಿ ಮಾಲಕ ತೀರಿಹೋದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, ಮೂರು ತಿಂಗಳೊಳಗೆ ವಾರೀಸುದಾರರು ಫಾರಂ 31 ಕೊಟ್ಟು ಹೆಸರು ಬದಲಿಸಿಕೊಳ್ಳಬೇಕು. ಅದಾದ ಮೇಲೆಯೇ ಫಾರಂ 29, 30ರಲ್ಲಿ ಮಾರಾಟ. ಈ ಮನೆಯಲ್ಲಿ ಆರು ವರ್ಷದಿಂದ ಯಾರೂ ಏನೂ ಮಾಡಿರಲಿಲ್ಲ.

ಒಂದು ಹಾಳೆ ಕೇಳಿ ಬರೆದೆವು. 48 ಸಾವಿರದಲ್ಲಿ ಎಂಟನೇ ಒಂದು ತಾಯಿಗೆ, ಆರು ಸಾವಿರ. ಉಳಿದ 42ರಲ್ಲಿ ಮಗನಿಗೆ ಎರಡು ಪಾಲು, ಹೆಣ್ಣುಮಕ್ಕಳಿಗೆ ಒಂದೊಂದು. ಮಗನಿಗೆ 21 ಸಾವಿರ, ಮಗಳಿಗೆ ತಲಾ ಹತ್ತೂವರೆ ಸಾವಿರ. ಬಾಗಿಲ ಹಿಂದೆ ನಿಂತಿದ್ದ ತಾಯಿ "ಮುಝೇ ನಕೋ" ಎಂದರು. ಬೇಕೋ ಬೇಡವೋ ಅದು ಆಮೇಲೆ, ಮೊದಲು ಕೈಗೆ ಬರಲಿ ಎಂದು ಮಗನೇ ಹೇಳಿದರು. ಮನುಷ್ಯ ಒಳ್ಳೆಯವರು, ಯಾರೂ ಕೇಳಿರಲಿಲ್ಲ ಅಷ್ಟೇ.

ಹುಮನಾಬಾದಿನ ಮಗಳು ಅದೇ ಸಂಜೆ ಒಪ್ಪಿದರು. ಬಸವಕಲ್ಯಾಣದ ಮಗಳು ಒಪ್ಪಲಿಲ್ಲ. ಮರುದಿನ ನಾವೇ ಹೋದೆವು, ಮೂವತ್ತು ಕಿಲೋಮೀಟರಿನ ಸುಮಾರಿನ ದಾರಿ. ಆಕೆಗೆ ಬೇಸರ ದುಡ್ಡಿನದ್ದಲ್ಲ. "ಅಬ್ಬಾ ಅದರಾಗೇ ನನ್ನ ಸಾಲಿಗೆ ಬಿಡ್ತಿದ್ರು. ನಮ್ಮಣ್ಣ ಒಂದು ಮಾತೂ ಹೇಳಿಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಮುರಿದು ಮಾರ್ತೀರೋ, ಓಡಿಸ್ತೀರೋ?" ಎಂದು ಕೇಳಿದರು. ಓಡಿಸುತ್ತೇವೆ ಎಂದ ಹುಡುಗ. ಸಹಿ ಹಾಕಿದರು. ಹತ್ತೂವರೆ ಸಾವಿರ ಎಣಿಸಿ ತೆಗೆದುಕೊಂಡದ್ದು ನಮಗೆ ಬಹಳ ಇಷ್ಟವಾಯಿತು.

ಇನ್ನು ಆಟೋ ನಗರ. ಪುಣೆ–ಹೈದರಾಬಾದ್ ಹೆದ್ದಾರಿಯ, ಅಂದರೆ ಈಗಿನ ಎನ್‌ಎಚ್ 65ರ, ಲಾರಿಗಳೇ ಇಲ್ಲಿನ ಹೊಟ್ಟೆಪಾಡು. ಕ್ಯಾಬಿನ್ ಕಟ್ಟುವವರು, ಟಿಂಕರ್ ಕೆಲಸದವರು, ಲೇತ್, ವೈರಿಂಗ್, ಗುಜರಿ ಎಲ್ಲ ಒಂದೇ ಕಡೆ. ಫಿಯೆಟನ್ನು ಮಿನಿ ಲಾರಿಯಲ್ಲಿ ತಂದು ಇಳಿಸಿದಾಗ ಮುದುಕರೆಲ್ಲ ಕೆಲಸ ಬಿಟ್ಟು ಬಂದರು. ಉಸ್ತಾದ್ ಒಂದು ತಾಸು ನೋಡಿ ಲೆಕ್ಕ ಹೇಳಿದರು. ನೆಲ ಮತ್ತು ಕೆಳಪಟ್ಟಿ ಕತ್ತರಿಸಿ ಹೊಸ ತಗಡು ಬೆಸುಗೆ ಹಾಕಬೇಕು. ನಾಲ್ಕೂ ಚಕ್ರದ ಡ್ರಮ್ ಬ್ರೇಕ್ ಬಿಚ್ಚಬೇಕು. ಮುಂದಿನ ಚಕ್ರ ತಿರುಗುವ ಕಿಂಗ್‌ಪಿನ್ ಸವೆದಿದೆ. ಇಂಜಿನ್ ಕೈಯಲ್ಲಿ ತಿರುಗಿತು, ಜಾಮ್ ಆಗಿಲ್ಲ, ಆದರೆ ಬೋರ್ ಮಾಡಿಸಬೇಕು. ಸೋಲೆಕ್ಸ್ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಒಣಗಿ ಗೋಂದಿನ ಹಾಗಾಗಿದೆ. ಬಣ್ಣ ಸೇರಿ ಒಂದು ಲಕ್ಷ ಎಂಬತ್ತು ಸಾವಿರ.

ಕಾಗದದ ಖರ್ಚು ಇದರ ಮೇಲೆ. 15 ವರ್ಷ ದಾಟಿದ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟಿನಿಂದ 20 ವರ್ಷ ದಾಟಿದ ಕಾರಿಗೆ ಶುಲ್ಕವೇ ಹತ್ತು ಸಾವಿರ, ತಡವಾದದ್ದಕ್ಕೆ ತಿಂಗಳಿಗೆ 500ರ ದಂಡ, ಹಸಿರು ತೆರಿಗೆ ಬೇರೆ. ವಿಂಟೇಜ್ ಎಂದು ನೋಂದಾಯಿಸುವಾ ಅಂದ್ರೆ 50 ವರ್ಷ ದಾಟಿರಬೇಕು, ಈ ಕಾರಿಗೆ ಅದು 2029ಕ್ಕೆ. ಅದಕ್ಕೆ ಶುಲ್ಕ 20 ಸಾವಿರ, ಮತ್ತು ಪ್ರದರ್ಶನ, ರ‍್ಯಾಲಿ ಬಿಟ್ಟು ದಿನಾ ಓಡಿಸುವ ಹಾಗಿಲ್ಲ. ಹಳೆ ಕಾರು ಕೊಳ್ಳುವ ಆಸೆ ಇರುವ ನಮ್ಮ ಹುಡುಗರು ಮೊದಲು ಆರ್‌ಸಿಯ ಕೊನೆಯ ದಿನಾಂಕ ನೋಡಲಿ, ಚಾಸಿ ನಂಬರನ್ನು ತಗಡಿನ ಮೇಲೆಯೇ ಓದಿ ಹೋಲಿಸಲಿ, ಬಣ್ಣ ಆಮೇಲೆ ನೋಡಲಿ.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆವು. ಮೊತ್ತ ಕೇಳಿ ಅವಳು ಬೈಯಲಿಲ್ಲ. "ಮಳೆಗೆ ಮೊದಲು ಹಂಚು ಆಗ್ಬೇಕು, ಅಷ್ಟೇ" ಎಂದಳು. ಹುಡುಗ ಲಾಡ್ಜಿನ ಮಂಚದಲ್ಲಿ ಕೂತು ಬಹಳ ಹೊತ್ತು ಲೆಕ್ಕ ಹಾಕಿದ. ಬೆಳಗ್ಗೆ ಉಸ್ತಾದ್ ಹತ್ತಿರ ಹೋಗಿ, ತಗಡಿನ ಕೆಲಸ ಮಾತ್ರ ನೀವು ಮಾಡಿ, ಬ್ರೇಕ್, ಕಾರ್ಬ್ಯುರೇಟರ್ ನಾನೇ ಬಿಚ್ಚುತ್ತೇನೆ, ಇಂಜಿನ್ ಬೋರ್ ಮತ್ತು ಬಣ್ಣ ಮುಂದಿನ ವರ್ಷ ಎಂದ. ಕೂಲಿ 40 ಸಾವಿರಕ್ಕೆ ನಿಂತಿತು. ಮನೆಯ ಮಾಡಿಗೆ ಒಂದೂವರೆ ಲಕ್ಷ ಅವತ್ತೇ ಉಮ್ಮನ ಖಾತೆಗೆ ಹಾಕಿದ.

ನಾಲ್ಕು ದಿನ ನಾವು ಅಲ್ಲೇ ಇದ್ದೆವು. ತುಕ್ಕು ಹಿಡಿದ ನೆಲವನ್ನು ಕತ್ತರಿಸಿ ತೆಗೆದಾಗ ಕಾರಿನೊಳಗಿಂದ ರಸ್ತೆ ಕಾಣುತ್ತಿತ್ತು. ಕತ್ತರಿಸುವ ಮೊದಲು ಉಸ್ತಾದ್ ಬಾಗಿಲ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪೈಪು ಬೆಸೆದಿದ್ದರು, ಬಾಡಿ ಸೊಟ್ಟ ಆಗದ ಹಾಗೆ. ಲಾರಿಯ ಕೈ ಇಷ್ಟು ನಯ ಇರುತ್ತದೆಂದು ನಮಗೆ ಗೊತ್ತಿರಲಿಲ್ಲ. ಕಿಂಗ್‌ಪಿನ್ ಮಾತ್ರ ಆಟೋ ನಗರದಲ್ಲಿ ಸಿಗಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಗೆ, ಮುಂಬೈಯ ಗುಜರಿಗೆ ಫೋನ್ ಹೋಯಿತು.

ಕೊನೆಯ ದಿನ ಮಧ್ಯಾಹ್ನ ಬಸವಕಲ್ಯಾಣದ ಮಗಳು ಗಂಡನ ಜೊತೆ ಗ್ಯಾರೇಜಿಗೆ ಬಂದರು. ಕಾರು ಕಲ್ಲಿನ ಮೇಲೆ ನಿಂತಿತ್ತು, ಚಕ್ರ ಇಲ್ಲ, ಹೊಸ ನೆಲಕ್ಕೆ ಕೆಂಪು ಪ್ರೈಮರ್. ಹುಡುಗ ಸೀಟಿನ ಜಾಗದಲ್ಲಿ ಒಂದು ಹಲಗೆ ಇಟ್ಟು ಕೊಟ್ಟ. ಆಕೆ ಹತ್ತಿ ಕೂತು, ಸ್ಟೇರಿಂಗಿನ ಪಕ್ಕದ ಗೇರು ಕೋಲನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿದರು. "ಎರಡನೇ ಗೇರು ಸ್ವಲ್ಪ ಹಟ ಮಾಡ್ತದ, ಜಗ್ಗಬ್ಯಾಡ್ರಿ" ಎಂದು ಹುಡುಗನಿಗೆ ಹೇಳಿ ಇಳಿದರು.

ಮರುದಿನ ಮದ್ರಸ ತೆರೆಯುವುದಿತ್ತು, ನಾವು ರೈಲು ಹತ್ತಿದೆವು. ಹುಡುಗ ಕಿಂಗ್‌ಪಿನ್ ಪಾರ್ಸೆಲ್ ಬರುವವರೆಗೆ ಅಲ್ಲೇ ಉಳಿದ. ಊರಲ್ಲಿ ತಂಗಿ ಹಂಚಿನವನಿಗೆ ಮುಂಗಡ ಕೊಟ್ಟಾಗಿತ್ತು.