ಕೀಲಿಕೈಯಿಲ್ಲದ ಬೀಗ

ನಾನು ಯಂತ್ರನಿಂದಕನಲ್ಲ. ನಮ್ಮ ನನ್ನಿವಾಳವಿರುವ ಚಳ್ಳಕೆರೆ ಸೀಮೆಯ ಬಯಲಿನಲ್ಲಿಯೇ 2023ರ ಏಪ್ರಿಲ್ 2ರಂದು ಇಸ್ರೋದವರ ರೆಕ್ಕೆಯ ವಾಹನವೊಂದು ನಾಲ್ಕೂವರೆ ಕಿಲೋಮೀಟರು ಎತ್ತರದಿಂದ, ಸಾರಥಿಯಿಲ್ಲದೆ, ತಾನಾಗಿಯೇ ನೆಲಕ್ಕಿಳಿಯಿತು. ಆದರೆ ಬೆಂಗಳೂರಿನಲ್ಲಿ ನನ್ನ ಮಗನ ಮನೆಯ ಬಾಗಿಲು ಯಜಮಾನನಿಗೇ ತೆರೆಯಲೊಲ್ಲದಾಯಿತು.

ಆ ಬೀಗಕ್ಕೆ ಬೆರಳೇ ಕೀಲಿಕೈ. ಮುಪ್ಪಿನಿಂದಲೂ ದುಡಿಮೆಯಿಂದಲೂ ಬೆರಳಿನ ರೇಖೆಗಳು ಸವೆಯುವುವಾದ್ದರಿಂದ ಅದು ನನ್ನನ್ನು ಮೊದಲೇ ಬಹಿಷ್ಕರಿಸಿದ್ದಿತು. (ಪಡಿತರದಂಗಡಿಗೆ ಹೋಗುವ ಮುದುಕರಿಗೆ ಈ ಬಹಿಷ್ಕಾರ ಹೊಸದಲ್ಲ.) ಒಂದು ರಾತ್ರಿ ಮದುವೆಯೂಟ ಮುಗಿಸಿ ಮೂವರೂ ಬಂದೆವು. ಮಗನ ಬೆರಳಿಗೂ ಬೀಗ ಮಿಸುಕಲಿಲ್ಲ; ಅದರ ಬ್ಯಾಟರಿ ತೀರಿದ್ದಿತು. ಬೇರೆ ಕೀಲಿಕೈ ಇಲ್ಲವೇ ಎಂದೆ. ಉಂಟಂತೆ, ಒಳಗಿನ ಬೀರುವಿನಲ್ಲಿ! ನನ್ನ ಮನೆಯಾಕೆ ಮಲಗುವ ಮುನ್ನ ಚುಚ್ಚಿಕೊಳ್ಳಬೇಕಾದ ಇನ್ಸುಲಿನ್ನೂ ಒಳಗಿನ ಫ್ರಿಜ್ಜಿನಲ್ಲಿ. ಆಕೆ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಳು. ಆ ಮೌನವೇ ನಮ್ಮಿಬ್ಬರನ್ನೂ ಹೆದರಿಸಿತು.

ಬಹಳ ಹೊತ್ತಿನ ಮೇಲೆ ಮಗನಿಗೆ ನೆನಪಾಯಿತು: ಬೀಗದ ಅಡಿಯಲ್ಲಿ ಎರಡು ಲೋಹದ ಬೊಟ್ಟುಗಳಿವೆ, ಒಂಬತ್ತು ವೋಲ್ಟಿನ ಬ್ಯಾಟರಿಯನ್ನು ಅಲ್ಲಿ ಒತ್ತಿ ಹಿಡಿದರೆ ಕ್ಷಣಕಾಲ ಜೀವ ಬರುವುದು. ಮೂಲೆಯಂಗಡಿಯಲ್ಲಿ ಬ್ಯಾಟರಿ ದೊರೆಯಿತು. ಹಣವೆಲ್ಲಿ? ಯುಪಿಐ ಎಂಬುದು 2016ರಲ್ಲಿ ಬಂದಿತಷ್ಟೆ. ಬಳಿಕ ಅವನು ಹಣದ ಚೀಲವನ್ನೇ ಬಿಟ್ಟವನು. ಮದುವೆಯ ಚಿತ್ರಗಳನ್ನು ತೆಗೆದು ತೆಗೆದು ಮೊಬೈಲೂ ಆರಿಹೋಗಿದ್ದಿತು. ನನ್ನ ಎಲೆಯಡಿಕೆಯ ಸಂಚಿಯಲ್ಲಿದ್ದ ಮಡಿಸಿದ ನೋಟುಗಳು ಆಗ ಹೊರಬಂದವು.

ಬಾಗಿಲು ತೆರೆಯಿತು. ಔಷಧವೂ ಆಯಿತು. ಮರುದಿನ ಮಗನು ಮುಂಜಾಗ್ರತೆಗಾಗಿ ಅಂಥದೇ ಇನ್ನೊಂದು ಬ್ಯಾಟರಿಯನ್ನು ತಂದು, ಮನೆಯೊಳಗಿನ ಬೀರುವಿನಲ್ಲಿ ಭದ್ರವಾಗಿ ಇಟ್ಟನು.