ನೆರಳಿಗೆ ಮಧ್ಯಾಹ್ನ ಎಷ್ಟು ಗಂಟೆಗೆ?

ಕೆಲವು ವರ್ಷಗಳ ಹಿಂದಿನ ಮಾತು. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ತರೀಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರ ವಸ್ತುಪ್ರದರ್ಶನಕ್ಕೆ ತೀರ್ಪುಗಾರನಾಗಿ ಹೋಗಿದ್ದೆ. ಹೊಗೆಯುಗುಳುವ ಜ್ವಾಲಾಮುಖಿ, ಮಳೆನೀರು ಕೊಯ್ಲಿನ ಮಾದರಿಗಳ ಸಾಲಿನ ಕೊನೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಒಂದು ಮೀಟರ್ ಉದ್ದದ ಬಿದಿರು ಕೋಲು ಮತ್ತು ರಟ್ಟಿಗೆ ಅಂಟಿಸಿದ ಒಂದು ಕೋಷ್ಟಕ ಇಟ್ಟುಕೊಂಡು ನಿಂತಿದ್ದಳು. ಫೆಬ್ರವರಿ 20ರಂದು ಆ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ ನೆರಳನ್ನು ಅಳೆದಿದ್ದಳು. 11.40ಕ್ಕೆ 55 ಸೆಂಟಿಮೀಟರ್, 12ಕ್ಕೆ 50, 12.40ಕ್ಕೆ 46, 1.20ಕ್ಕೆ ಮತ್ತೆ 50, 1.40ಕ್ಕೆ ಮತ್ತೆ 55. 'ಅತಿ ಚಿಕ್ಕ ನೆರಳು: 12.40' ಎಂದು ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಳು.

"ನೆರಳು ಅತಿ ಚಿಕ್ಕದಾಗುವುದು ಹನ್ನೆರಡು ಗಂಟೆಗಲ್ಲವೇನಮ್ಮಾ?" ಎಂದೆ. "ನಾನೂ ಹಾಗೇ ಅಂದ್ಕೊಂಡಿದ್ದೆ ಸಾರ್, ಅಳೆದ್ರೆ ಬರ್ಲಿಲ್ಲ" ಎಂದಳು. ಗಡಿಯಾರ ಮುಂದಿರಬೇಕು, ಸರಿಮಾಡಿಸು ಎಂದು ಹೇಳಿ ಅಂಕ ಕಡಿಮೆ ಮಾಡಿ ಮುಂದೆ ಸಾಗಿದೆ. ಸಂಜೆ ಬಸ್ಸಿನಲ್ಲಿ ಕುಳಿತಾಗ ತಪ್ಪು ಹೊಳೆಯಿತು. ಗಡಿಯಾರವೂ ಸರಿ, ಹುಡುಗಿಯೂ ಸರಿ. ಭೌತವಿಜ್ಞಾನ ಕಲಿಸುವ ನಾನು ತಪ್ಪಿದ್ದೆ.

ನಮ್ಮ ಕೈಗಡಿಯಾರ ತರೀಕೆರೆಯ ಸೂರ್ಯನನ್ನು ನೋಡಿ ನಡೆಯುವುದಿಲ್ಲ. ಭಾರತೀಯ ಶಿಷ್ಟ ಕಾಲ 82.5 ಡಿಗ್ರಿ ಪೂರ್ವ ರೇಖಾಂಶದ ಕಾಲ. ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುವ ಈ ರೇಖೆಯ ಕಾಲವನ್ನು 1906ರಲ್ಲಿ ದೇಶಕ್ಕೆಲ್ಲ ಒಂದೇ ಕಾಲವೆಂದು ಜಾರಿಗೆ ತರಲಾಯಿತು. ತರೀಕೆರೆ ಇರುವುದು ಸುಮಾರು 75.8 ಡಿಗ್ರಿಯಲ್ಲಿ, ಅಂದರೆ 6.7 ಡಿಗ್ರಿಯಷ್ಟು ಪಶ್ಚಿಮಕ್ಕೆ. ಭೂಮಿ ಒಂದು ಡಿಗ್ರಿ ತಿರುಗಲು 4 ಮಿನಿಟು ಬೇಕು. ಆದ್ದರಿಂದ ಮಿರ್ಜಾಪುರದ ಮಧ್ಯಾಹ್ನ ತರೀಕೆರೆಯನ್ನು ತಲಪಲು ಸುಮಾರು 27 ಮಿನಿಟು ಹಿಡಿಯುತ್ತದೆ.

ಹಾಗಾದರೆ ಅತಿ ಚಿಕ್ಕ ನೆರಳು 12.27ಕ್ಕೆ ಬೀಳಬೇಕಿತ್ತು. ಉಳಿದ 13-14 ಮಿನಿಟು ಎಲ್ಲಿಂದ ಬಂತು? ಒಂದು ನಡುಹಗಲಿನಿಂದ ಮರುದಿನದ ನಡುಹಗಲಿಗೆ ಸರಿಯಾಗಿ 24 ಗಂಟೆ ಎಂದು ನಾವು ಭಾವಿಸಿರುತ್ತೇವೆ. ವಾಸ್ತವದಲ್ಲಿ ಡಿಸೆಂಬರ್ ಕೊನೆಯಲ್ಲಿ ಅದು ಸುಮಾರು 30 ಸೆಕೆಂಡು ಹೆಚ್ಚು, ಸೆಪ್ಟೆಂಬರ್ ನಡುವಿನಲ್ಲಿ ಸುಮಾರು 20 ಸೆಕೆಂಡು ಕಡಿಮೆ. ಭೂಮಿಯ ಕಕ್ಷೆ ದೀರ್ಘವೃತ್ತ. ಜನವರಿ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಸಮೀಪವಿದ್ದಾಗ ಭೂಮಿ ಹೆಚ್ಚು ವೇಗವಾಗಿ ಓಡುತ್ತದೆ. ಜೊತೆಗೆ ಭೂಮಿಯ ಅಕ್ಷ 23.4 ಡಿಗ್ರಿ ಓರೆಯಾಗಿದೆ. ಈ ಎರಡು ಕಾರಣಗಳಿಂದ ದಿನದಿನವೂ ಸೇರುವ ಸೆಕೆಂಡುಗಳು ಕೂಡಿಕೊಂಡು ಫೆಬ್ರವರಿ ಎರಡನೇ ವಾರದ ಹೊತ್ತಿಗೆ ಸೂರ್ಯ ಗಡಿಯಾರಕ್ಕಿಂತ 14 ಮಿನಿಟು ಹಿಂದೆ ಬಿದ್ದಿರುತ್ತಾನೆ. ನವೆಂಬರ್ ಮೊದಲ ವಾರದಲ್ಲಿ 16 ಮಿನಿಟು ಮುಂದಿರುತ್ತಾನೆ. ತರೀಕೆರೆಯ ನೆರಳು ನವೆಂಬರ್ 3ರ ಸುಮಾರಿಗೆ 12.10ಕ್ಕೇ ಅತಿ ಚಿಕ್ಕದಾಗುತ್ತದೆ, ಫೆಬ್ರವರಿ 11ರ ಸುಮಾರಿಗೆ 12.41ಕ್ಕೆ. ವರ್ಷದ ಯಾವ ದಿನವೂ 12 ಗಂಟೆಗೆ ಅಲ್ಲ!

ಇಲ್ಲಿ ಆ ಹುಡುಗಿಯ ಕೋಷ್ಟಕದ ಜಾಣತನವನ್ನು ಗಮನಿಸಬೇಕು. ಮಧ್ಯಾಹ್ನದ ಆಸುಪಾಸಿನಲ್ಲಿ ನೆರಳು ಬದಲಾಗುವುದು ಬಹಳ ನಿಧಾನ, ಅಂದು 12.30ರಿಂದ 12.50ರವರೆಗೆ ಅದರ ಉದ್ದ ಮೂರು ಮಿಲಿಮೀಟರ್‌ನಷ್ಟೂ ಬದಲಾಗಿರಲಾರದು. ಮೇಲಾಗಿ ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ತಟ್ಟೆ. ಹಾಗಾಗಿ ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದು ಸೆಂಟಿಮೀಟರ್‌ನಷ್ಟು ಮಸುಕಾಗಿರುತ್ತದೆ. ಅತಿ ಚಿಕ್ಕ ನೆರಳನ್ನು ನೇರವಾಗಿ ಹಿಡಿಯಲು ಹೊರಟವರು ಸೋಲುವುದು ಇಲ್ಲಿಯೇ. ಅದರ ಬದಲು ಬೆಳಗಿನ ಒಂದು ನೆರಳನ್ನು ಗುರುತು ಹಾಕಿ, ಮಧ್ಯಾಹ್ನದ ನಂತರ ಅಷ್ಟೇ ಉದ್ದದ ನೆರಳು ಯಾವಾಗ ಬೀಳುತ್ತದೆಂದು ಕಾಯಬೇಕು. 11.40ಕ್ಕೂ 1.40ಕ್ಕೂ 55 ಸೆಂಟಿಮೀಟರ್. ನಡುವಿನ ಕ್ಷಣ 12.40. (ಕೋಲಿನ ತುದಿಗೆ ಸಣ್ಣ ತೂತಿರುವ ರಟ್ಟು ಕಟ್ಟಿದರೆ ಮಸುಕು ನೆರಳಿನ ಬದಲು ಸೂರ್ಯನ ದುಂಡು ಬಿಂಬ ಸಿಗುತ್ತದೆ, ಅದರ ನಡುವನ್ನು ಗುರುತಿಸುವುದು ಸುಲಭ.) ಇದು ಹೊಸ ಉಪಾಯವೇನಲ್ಲ. ನಮ್ಮ ಪ್ರಾಚೀನ ಖಗೋಳ ಗ್ರಂಥಗಳು ಹನ್ನೆರಡು ಅಂಗುಲದ ಶಂಕು ನೆಟ್ಟು, ಸುತ್ತ ವೃತ್ತ ಎಳೆದು, ನೆರಳಿನ ತುದಿ ವೃತ್ತವನ್ನು ಮುಟ್ಟುವ ಎರಡು ಬಿಂದುಗಳನ್ನು ಸೇರಿಸಿ ಪೂರ್ವ-ಪಶ್ಚಿಮ ರೇಖೆ ಪಡೆಯುವ ವಿಧಾನವನ್ನು ವಿವರಿಸುತ್ತವೆ. ಆ ರೇಖೆಗೆ ಲಂಬವಾದದ್ದೇ ಉತ್ತರ-ದಕ್ಷಿಣ.

ದಿಕ್ಕಿನ ಮಾತೇ ಇಲ್ಲಿ ಮುಖ್ಯ. ಮರುದಿನ ಆ ಶಾಲೆಯ ವಿಜ್ಞಾನ ಶಿಕ್ಷಕರಿಗೆ ಫೋನ್ ಮಾಡಿ ತಪ್ಪೊಪ್ಪಿಕೊಂಡಾಗ ಅವರು ನಕ್ಕು, ಹುಡುಗಿ ಅಳೆದದ್ದು ಬಹುಮಾನಕ್ಕಲ್ಲ, ಅವರ ತಂದೆ ಹೊಸ ಅಡಿಕೆ ತೋಟಕ್ಕೆ ಸಾಲು ಗುರುತಿಸಬೇಕಿತ್ತು ಎಂದರು.

ಅಡಿಕೆ ಬೆಳೆಗಾರರಿಗೆ ನೈಋತ್ಯದ ಬಿಸಿಲಿನ ಭಯ ಗೊತ್ತು. ಬಿಸಿಲು ಬಡಿದ ಕಾಂಡದ ಮೇಲೆ ಮೊದಲು ಹಳದಿ ಮಚ್ಚೆ, ಆಮೇಲೆ ಕಂದು, ಕೊನೆಗೆ ಸೀಳು. ಗಾಳಿಗೆ ಮರವೇ ಮುರಿಯುತ್ತದೆ. ನೈಋತ್ಯವೇ ಏಕೆ? ಡಿಸೆಂಬರ್ 21ರಂದು ಗಡಿಯಾರದ 3 ಗಂಟೆಗೆ ತರೀಕೆರೆಯಲ್ಲಿ ಸೂರ್ಯ ಹೆಚ್ಚುಕಡಿಮೆ ನೇರ ನೈಋತ್ಯದಲ್ಲಿ, ಕೇವಲ 37 ಡಿಗ್ರಿ ಎತ್ತರದಲ್ಲಿ ಇರುತ್ತಾನೆ. ಮೀಟರ್ ಕೋಲಿನ ನೆರಳು ಈಶಾನ್ಯಕ್ಕೆ 1.33 ಮೀಟರ್ ಚಾಚುತ್ತದೆ. ಕಿರಣಗಳು ಸೋಗೆಗಳ ಕೆಳಗೆ ನುಸುಳಿ ಬರಿಯ ಕಾಂಡಕ್ಕೆ ತಾಗುತ್ತವೆ. ಆಕಾಶ ನಿರಭ್ರ, ಗಾಳಿಯೂ ಆ ಹೊತ್ತಿಗೆ ಕಾದಿರುತ್ತದೆ. ಬೆಳಿಗ್ಗೆ ಆಗ್ನೇಯದಿಂದ ಇಷ್ಟೇ ಬಿಸಿಲು ಬಿದ್ದರೂ ಗಾಳಿ ತಂಪು. ಅಂಚಿನ ಮರಗಳಿಗೆ ಹಾಳೆ, ಸೋಗೆ ಕಟ್ಟುವುದು ಇದಕ್ಕೇ. ನೆಡುವಾಗಲೇ ಉತ್ತರ-ದಕ್ಷಿಣ ಸಾಲನ್ನು ಪಶ್ಚಿಮಕ್ಕೆ 35 ಡಿಗ್ರಿ ಓರೆಮಾಡಿದರೆ ಒಂದು ಮರದ ನೆರಳು ಇನ್ನೊಂದನ್ನು ಕಾಯುತ್ತದೆ ಎಂಬುದು ಕೃಷಿ ವಿಜ್ಞಾನಿಗಳ ಸಲಹೆ.

ಆದರೆ ಆ 35 ಡಿಗ್ರಿಯನ್ನು ಅಳೆಯಲು ಮೊದಲು ಉತ್ತರ ಗೊತ್ತಿರಬೇಕಲ್ಲ? ಫೆಬ್ರವರಿ 20ರಂದು 12 ಗಂಟೆಯ ನೆರಳನ್ನೇ ಉತ್ತರವೆಂದು ನಂಬಿದರೆ 22 ಡಿಗ್ರಿ ತಪ್ಪುತ್ತದೆ. ಏಪ್ರಿಲ್ 27ರ ಸುಮಾರಿಗೆ ಇನ್ನೂ ಮೋಜು. ಅಂದು ಸೂರ್ಯ ತರೀಕೆರೆಯ ನೆತ್ತಿಯ ಮೇಲೆ ಹಾದುಹೋಗುತ್ತಾನೆ, 12.25ರ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇಲ್ಲ. ಆದರೆ 12 ಗಂಟೆಗೆ ಹತ್ತು ಸೆಂಟಿಮೀಟರ್ ನೆರಳಿದ್ದು, ಅದು ತೋರಿಸುವುದು ಪಶ್ಚಿಮವನ್ನು! ಅಲ್ಲಿಂದ ಆಗಸ್ಟ್ 16ರ ಸುಮಾರಿನವರೆಗೆ ನಡುಹಗಲಿನ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಜೂನ್ 21ರಂದು ಮೀಟರ್ ಕೋಲಿಗೆ 17 ಸೆಂಟಿಮೀಟರ್. ಮೋಡ ಬಿಡುವು ಕೊಟ್ಟರೆ ನೀವೇ ಅಳೆದು ನೋಡಬಹುದು.

"ಅವರು ನನ್ನ ಮಾತು ಕೇಳಿ 12 ಗಂಟೆಗೆ ಗುರುತು ಹಾಕಿಬಿಟ್ಟರೋ ಏನೋ" ಎಂದು ಶಿಕ್ಷಕರನ್ನು ಆತಂಕದಿಂದಲೇ ಕೇಳಿದೆ. "ಇಲ್ಲ ಸಾರ್, ಗೂಟ ಹಿಂದಿನ ವಾರವೇ ಹೊಡೆದಾಗಿತ್ತು. 11.40ರದ್ದು, 1.40ರದ್ದು ಎರಡು ತುದಿ ಸೇರಿಸಿ ದಾರ ಕಟ್ಟಿದ್ದಾರೆ" ಎಂದರು.